ಹಾರ್ಫ್‌ಬಜ್ ಲೈಬ್ರರಿಯ ಸಂಕಲನ ಮತ್ತು ಅನುಸ್ಥಾಪನೆ

ಹಾರ್ಫ್‌ಬಜ್ ಎಂಬುದು ಪಠ್ಯವು ಪರದೆಯ ಮೇಲೆ ಮೂಡುವ ಮುನ್ನ ಫಾಂಟಿನಿಂದ ತಕ್ಕ ಅಕ್ಷರರೂಪಗಳನ್ನು ಆರಿಸಿ, ಅವುಗಳ ಕ್ರಮ ಮತ್ತು ಸ್ಥಾನವನ್ನು ನಿರ್ಧರಿಸುವ ಮುಕ್ತ ತಂತ್ರಾಂಶ ಲೈಬ್ರರಿ. ಗ್ನೋಮ್, ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಹಾಗೂ ಲಿಬ್ರೆಆಫೀಸ್‌ಗಳಲ್ಲಿ ಇದು ಬಳಕೆಯಲ್ಲಿದೆ. ಗ್ನೂ/ಲಿನಕ್ಸ್ ಬಳಕೆದಾರರಲ್ಲಿ ಹೆಚ್ಚಿನವರಿಗೆ ಈ ಲೈಬ್ರರಿ ವಿತರಣೆಯ ಸಿದ್ಧ ಪ್ಯಾಕೇಜಿನಲ್ಲಿಯೇ ದೊರೆಯುತ್ತದೆ. ಆ ಪ್ಯಾಕೇಜ್ ಹಳೆಯದಾಗಿದ್ದು, ಕನ್ನಡಕ್ಕೆ ಸಂಬಂಧಿಸಿದ ತಿದ್ದುಪಡಿಯೊಂದು ಹೊಸ ಆವೃತ್ತಿಯಲ್ಲಿ ಮಾತ್ರ ಇದ್ದಾಗ, ಆಕರ ಸಂಕೇತವನ್ನು ಪಡೆದು ಲೈಬ್ರರಿಯನ್ನು ಸ್ವತಃ ಸಂಕಲಿಸಿ (ಕಂಪೈಲ್ ಮಾಡಿ) ಅನುಸ್ಥಾಪಿಸಿಕೊಳ್ಳಬಹುದು.

ಹಿನ್ನೆಲೆ

ಹಾರ್ಫ್‌ಬಜ್‌ನ ಮೂಲ ಫ್ರೀಟೈಪ್ ಯೋಜನೆಯ ಓಪನ್‌ಟೈಪ್ ಸಂಕೇತದಲ್ಲಿದೆ. ಇಂದಿನ ರೂಪವು ಬೆಹ್ದಾದ್ ಎಸ್ಫಹ್‌ಬೋದ್ ಅವರ ನೇತೃತ್ವದಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಇದರ ಹೆಸರು ಪರ್ಷಿಯನ್ ಭಾಷೆಯಿಂದ ಬಂದಿದೆ. 2017ರಲ್ಲಿ ಬಿಡುಗಡೆಯಾದ ಲಿಬ್ರೆಆಫೀಸ್ 5.3 ಆವೃತ್ತಿಯು ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿಯೂ ಪಠ್ಯ ಜೋಡಣೆಗೆ ಇದನ್ನೇ ಅವಲಂಬಿಸಿತು.

ಕನ್ನಡಕ್ಕೆ ಇದರ ಅಗತ್ಯ

ಯೂನಿಕೋಡ್‌ನಲ್ಲಿ ಕನ್ನಡ ಪಠ್ಯವನ್ನು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹಿಸಲಾಗುತ್ತದೆ. ಪರದೆಯ ಮೇಲಿನ ಕ್ರಮವು ಅದಕ್ಕಿಂತ ಭಿನ್ನವಾಗಿರಬಹುದು. ಚಾಮರಾಜನಗರ ಜಿಲ್ಲೆಯ ಎರಡು ಸ್ಥಳನಾಮಗಳಿಂದ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ‘ಕುಂತೂರು’ ಎಂಬ ಹೆಸರಿನಲ್ಲಿ ಏಳು ಸಂಕೇತಗಳಿದ್ದು, ಒತ್ತಕ್ಷರವಿಲ್ಲದ ಕಾರಣ ಅವು ಹೆಚ್ಚುಕಡಿಮೆ ಇದ್ದ ಕ್ರಮದಲ್ಲಿಯೇ ಮೂಡುತ್ತವೆ. ‘ಕೊಳ್ಳೇಗಾಲ’ ಎಂಬುದರಲ್ಲಿ ಒಂಬತ್ತು ಸಂಕೇತಗಳಿವೆ. ಇದರ ‘ಳ್ಳೇ’ ಎಂಬ ಭಾಗವು ಳಕಾರ, ವಿರಾಮ ಚಿಹ್ನೆ, ಮತ್ತೊಂದು ಳಕಾರ ಹಾಗೂ ಏಕಾರದ ಸ್ವರಚಿಹ್ನೆ ಎಂಬ ನಾಲ್ಕು ಸಂಕೇತಗಳಿಂದ ಕೂಡಿದೆ. ಲೈಬ್ರರಿಯು ಏಕಾರದ ಚಿಹ್ನೆಯನ್ನು ಎರಡಾಗಿ ಒಡೆದು, ಎತ್ವವನ್ನು ಮೊದಲ ಳಕಾರದ ತಲೆಗೆ ಸೇರಿಸಿ, ಎರಡನೆಯ ಳಕಾರವನ್ನು ಒತ್ತಾಗಿಸಿ, ದೀರ್ಘವನ್ನು ಕೊನೆಯಲ್ಲಿ ಇರಿಸಬೇಕಾಗುತ್ತದೆ. ‘ಕರ್ನಾಟಕ’ ಎಂಬಲ್ಲಿ ನಕಾರಕ್ಕಿಂತ ಮೊದಲೇ ಸಂಗ್ರಹವಾಗಿರುವ ರೇಫವು ಅರ್ಕಾವತ್ತಾಗಿ ಅದರ ನಂತರ ಕಾಣಿಸಿಕೊಳ್ಳಬೇಕು.

‘ಸೂರ್ಯ’ ಪದದಲ್ಲಿ ಅರ್ಕಾವತ್ತು ಬರುತ್ತದೆ. ‘ರ‍್ಯಾಂಕ್’ ಪದದಲ್ಲಿ ಪೂರ್ಣ ರಕಾರಕ್ಕೆ ಯ ಒತ್ತು ಬರುತ್ತದೆ. ಎರಡನೆಯ ರೂಪವನ್ನು ಪಡೆಯಲು ರಕಾರ ಮತ್ತು ವಿರಾಮದ ನಡುವೆ ಶೂನ್ಯ ಅಗಲದ ಜೋಡಕವೆಂಬ ಅಗೋಚರ ಸಂಕೇತವನ್ನು ಇರಿಸಲಾಗುತ್ತದೆ. ಹಿಂದಿನ ರೂಢಿಯ ಕೆಲವು ಪಠ್ಯಗಳಲ್ಲಿ ಈ ಜೋಡಕವು ವಿರಾಮದ ನಂತರ ಇರುತ್ತದೆ. ಇಂತಹ ಪಠ್ಯಗಳೂ ಅದೇ ರೂಪದಲ್ಲಿ ಮೂಡಲೆಂದು ಹಾರ್ಫ್‌ಬಜ್‌ಗೆ ಕನ್ನಡಕ್ಕೆಂದೇ ವಿಶೇಷ ನಿಯಮವೊಂದನ್ನು ಸೇರಿಸಲಾಗಿದೆ. ಆ ನಿಯಮವಿಲ್ಲದ ಹಳೆಯ ಆವೃತ್ತಿಯಲ್ಲಿ, ಫಾಂಟನ್ನು ಬದಲಾಯಿಸುವುದರಿಂದ ಮಾತ್ರ ಈ ತೊಡಕು ನಿವಾರಣೆಯಾಗುವುದಿಲ್ಲ.

ಪೂರ್ವಸಿದ್ಧತೆ

ಹಾರ್ಫ್‌ಬಜ್ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ರಚಿತವಾಗಿರುವುದರಿಂದ ಆ ಭಾಷೆಯ ಕಂಪೈಲರ್ ಅಗತ್ಯ. ಸಂಕಲನವನ್ನು ನಿರ್ವಹಿಸಲು ಮೆಸನ್ ಮತ್ತು ನಿಂಜಾ, ಇತರ ಲೈಬ್ರರಿಗಳನ್ನು ಪತ್ತೆಹಚ್ಚಲು ಪಿಕೆಜಿ-ಕಾನ್ಫಿಗ್ ಬೇಕಾಗುತ್ತವೆ. ಫ್ರೀಟೈಪ್, ಜಿಲಿಬ್ ಮತ್ತು ಕೈರೋ ಐಚ್ಛಿಕ ಅವಲಂಬನೆಗಳು. ಪಠ್ಯವನ್ನು ಚಿತ್ರವಾಗಿ ತೋರಿಸುವ ‘ಎಚ್‌ಬಿ-ವ್ಯೂ’ ಎಂಬ ಉಪಕರಣಕ್ಕೆ ಕೈರೋ ಬೇಕು. ಇವುಗಳ ಸಾಮಾನ್ಯ ಪ್ಯಾಕೇಜಿನ ಜೊತೆಗೆ, ಶೀರ್ಷಿಕೆ ಕಡತಗಳನ್ನು ಒಳಗೊಂಡ ಅಭಿವೃದ್ಧಿ ಪ್ಯಾಕೇಜನ್ನೂ ಅನುಸ್ಥಾಪಿಸಿರಬೇಕು.

ಸಂಕಲನದ ಹಂತಗಳು

ಕೆಳಗಿನ ಆಜ್ಞೆಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ನೀಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿ ಬೆರಳಚ್ಚಿಸಬೇಕು.

1. ಸಂರಚನೆ: ಆಕರ ಸಂಕೇತದ ಕಡತಕೋಶದಲ್ಲಿ ‘ಮೆಸನ್ ಸೆಟಪ್ ಬಿಲ್ಡ್’ ಆಜ್ಞೆಯನ್ನು ನೀಡಿದಾಗ ಕಂಪೈಲರ್ ಮತ್ತು ಅವಲಂಬನೆಗಳ ಪರಿಶೀಲನೆ ನಡೆಯುತ್ತದೆ. ‘ಪ್ರಿಫಿಕ್ಸ್’ ಆಯ್ಕೆಯ ಮೂಲಕ ಅನುಸ್ಥಾಪನೆಯ ಸ್ಥಳವನ್ನು ಸೂಚಿಸಬಹುದು.

2. ಸಂಕಲನ: ‘ಬಿಲ್ಡ್’ ಕಡತಕೋಶದೊಳಗೆ ಹೋಗಿ ‘ಮೆಸನ್ ಕಂಪೈಲ್’ ಎಂದಾಗ ಆಕರ ಕಡತಗಳು ಯಂತ್ರಸಂಕೇತವಾಗಿ ಮಾರ್ಪಟ್ಟು, ಹಂಚಿಕೆಯ ಲೈಬ್ರರಿಯೊಂದು ಸಿದ್ಧವಾಗುತ್ತದೆ.

3. ಪರೀಕ್ಷೆ: ‘ಮೆಸನ್ ಟೆಸ್ಟ್’ ಆಜ್ಞೆಯು ಯೋಜನೆಯೊಂದಿಗೇ ಬರುವ ಪರೀಕ್ಷೆಗಳನ್ನು ನಡೆಸುತ್ತದೆ.

4. ಅನುಸ್ಥಾಪನೆ: ‘ಮೆಸನ್ ಇನ್‌ಸ್ಟಾಲ್’ ಆಜ್ಞೆಯು ಕಡತಗಳನ್ನು ಗೊತ್ತುಪಡಿಸಿದ ಸ್ಥಳಕ್ಕೆ ನಕಲಿಸುತ್ತದೆ. ವ್ಯವಸ್ಥೆಯ ಕಡತಕೋಶಗಳಿಗೆ ಬರೆಯಲು ನಿರ್ವಾಹಕನ ಅನುಮತಿ ಬೇಕು.

5. ಪಟ್ಟಿಯ ನವೀಕರಣ: ‘ಎಲ್‌ಡಿಕಾನ್ಫಿಗ್’ ಆಜ್ಞೆಯು ಲೈಬ್ರರಿಗಳ ಪಟ್ಟಿಯನ್ನು ನವೀಕರಿಸುತ್ತದೆ. ಈ ಹಂತವನ್ನು ಬಿಟ್ಟರೆ ಅನ್ವಯಗಳು ಹಳೆಯ ಲೈಬ್ರರಿಯನ್ನೇ ಬಳಸುತ್ತಿರಬಹುದು.

ಹಿಂದಿನ ಆವೃತ್ತಿಗಳಲ್ಲಿ ಮೆಸನ್ ಬದಲಿಗೆ ‘ಕಾನ್ಫಿಗರ್’, ‘ಮೇಕ್’ ಮತ್ತು ‘ಮೇಕ್ ಇನ್‌ಸ್ಟಾಲ್’ ಎಂಬ ಕ್ರಮ ಬಳಕೆಯಲ್ಲಿತ್ತು.

ಪರಿಶೀಲನೆ

‘ಎಚ್‌ಬಿ-ಶೇಪ್’ ಉಪಕರಣಕ್ಕೆ ಫಾಂಟಿನ ಕಡತ ಮತ್ತು ಒಂದು ಪದವನ್ನು ನೀಡಿದರೆ, ಆಯ್ಕೆಯಾದ ಅಕ್ಷರರೂಪಗಳು ಹಾಗೂ ಅವುಗಳ ಸ್ಥಾನಗಳ ಪಟ್ಟಿ ದೊರೆಯುತ್ತದೆ. ನೋಟೊ ಸ್ಯಾನ್ಸ್ ಕನ್ನಡ, ಲೋಹಿತ್, ನವಿಲು, ಗುಬ್ಬಿ ಮುಂತಾದ ಮುಕ್ತ ಫಾಂಟುಗಳಲ್ಲಿ ಒಂದೇ ಪದವನ್ನು ಪರೀಕ್ಷಿಸಿ ನೋಡಬಹುದು. ದೋಷವು ಒಂದು ಫಾಂಟಿನಲ್ಲಿ ಮಾತ್ರ ಕಂಡುಬಂದರೆ ಅದು ಫಾಂಟಿಗೆ ಸಂಬಂಧಿಸಿದ್ದಿರುವ ಸಂಭವ ಹೆಚ್ಚು. ಎಲ್ಲದರಲ್ಲಿಯೂ ಕಂಡುಬಂದರೆ ಲೈಬ್ರರಿಯನ್ನು ಅಥವಾ ಪಠ್ಯದ ಸಂಕೇತಕ್ರಮವನ್ನು ಪರಿಶೀಲಿಸಬೇಕು.

ಮಿತಿಗಳು ಮತ್ತು ಎಚ್ಚರಿಕೆಗಳು

ಗ್ನೋಮ್‌ನಂತಹ ಡೆಸ್ಕ್‌ಟಾಪ್ ಪರಿಸರವು ಹಾರ್ಫ್‌ಬಜ್ ಅನ್ನು ಅವಲಂಬಿಸಿರುವುದರಿಂದ, ವಿತರಣೆಯ ಲೈಬ್ರರಿಯ ಮೇಲೆಯೇ ಹೊಸದನ್ನು ಬರೆದರೆ ಇಡೀ ಪರಿಸರ ಕೆಡುವ ಅಪಾಯವಿದೆ. ಪೂರ್ವನಿಯೋಜಿತವಾದ ‘ಯುಎಸ್‌ಆರ್ ಲೋಕಲ್’ ಕಡತಕೋಶವು ಹಳೆಯ ಕಡತಗಳನ್ನು ಉಳಿಸುತ್ತದೆಯಾದರೂ, ಅಲ್ಲಿನ ಹೊಸ ಲೈಬ್ರರಿಯು ಇತರ ಅನ್ವಯಗಳಿಗೂ ಅನ್ವಯವಾಗಬಹುದು. ಬಳಕೆದಾರನ ಸ್ವಂತ ಕಡತಕೋಶದಲ್ಲಿ ಅನುಸ್ಥಾಪಿಸಿ ಒಂದೇ ಅನ್ವಯದೊಂದಿಗೆ ಪರೀಕ್ಷಿಸುವುದು ಹೆಚ್ಚು ಸುರಕ್ಷಿತ. ‘ಬಿಲ್ಡ್’ ಕಡತಕೋಶವನ್ನು ಉಳಿಸಿಕೊಂಡಿದ್ದರೆ ‘ನಿಂಜಾ ಅನ್‌ಇನ್‌ಸ್ಟಾಲ್’ ಆಜ್ಞೆಯಿಂದ ಹೊಸ ಕಡತಗಳನ್ನು ತೆಗೆದುಹಾಕಬಹುದು.

ಮೊಜಿಲ್ಲಾ ಬಿಡುಗಡೆ ಮಾಡುವ ಫೈರ್‌ಫಾಕ್ಸ್ ಹಾಗೂ ಗೂಗಲ್ ಕ್ರೋಮ್‌ಗಳು ತಮ್ಮದೇ ಆದ ಹಾರ್ಫ್‌ಬಜ್ ಪ್ರತಿಯನ್ನು ಒಳಗೊಂಡಿವೆ. ಆದ್ದರಿಂದ ವ್ಯವಸ್ಥೆಯ ಲೈಬ್ರರಿಯನ್ನು ಬದಲಾಯಿಸಿದರೂ ಅವುಗಳಲ್ಲಿ ಕನ್ನಡ ಮೂಡುವ ರೀತಿ ಬದಲಾಗುವುದಿಲ್ಲ. ಅದಕ್ಕೆ ಬ್ರೌಸರನ್ನೇ ನವೀಕರಿಸಬೇಕಾಗುತ್ತದೆ. ಸ್ವತಃ ಸಂಕಲಿಸಿದ ಲೈಬ್ರರಿಯು ವಿತರಣೆಯ ಭದ್ರತಾ ನವೀಕರಣಗಳ ವ್ಯಾಪ್ತಿಗೆ ಬರುವುದಿಲ್ಲ. ಅಗತ್ಯವಾದ ತಿದ್ದುಪಡಿಯು ಅಧಿಕೃತ ಪ್ಯಾಕೇಜಿನಲ್ಲಿ ಸೇರಿದ ಬಳಿಕ ಅದಕ್ಕೇ ಮರಳುವುದು ಸೂಕ್ತ.