ಅನ್ಯೋನ್ಯಾಶ್ರಯವೂ ಚಕ್ರಕವೂ: ಗಣಕಯಂತ್ರದ ತಿರುಳಿನಲ್ಲಿ ಬೀಳುವ ಬಿಗಿಗಂಟು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ, ಇವೆರಡರ ನಡುವೆ, ಮಸ್ಕಿಯಿರುವುದು. ಈ ಮೂರು ಊರುಗಳಲ್ಲಿ ಮೂವರು ಭತ್ತದ ವರ್ತಕರಿರುವರೆಂದು ಭಾವಿಸೋಣ. ಸಿಂಧನೂರಿನವನ ವಶದಲ್ಲಿ ಲಾರಿಯಿದೆ. ಅವನಿಗೆ ಗೋಣಿಚೀಲಗಳು ಬೇಕು. ಚೀಲಗಳೆಲ್ಲ ಮಸ್ಕಿಯವನಲ್ಲಿವೆ, ಅವನು ತಕ್ಕಡಿಗಾಗಿ ಕಾದಿರುವನು. ತಕ್ಕಡಿಯು ಲಿಂಗಸುಗೂರಿನವನಲ್ಲಿದೆ, ಅವನಿಗೆ ಲಾರಿಯಾಗಬೇಕು. ತನ್ನ ಕೆಲಸ ಮುಗಿಯುವವರೆಗೆ ಕೈಯಲ್ಲಿರುವುದನ್ನು ಬಿಟ್ಟುಕೊಡಲಾರೆನೆಂಬುದು ಮೂವರ ನಿಶ್ಚಯ. ಭತ್ತವು ಕಣದಲ್ಲಿಯೇ ಉಳಿಯುವುದು. ಇಲ್ಲಿ ಮೋಸಗಾರನಿಲ್ಲ, ಸೋಮಾರಿಯಿಲ್ಲ. ಯಾವ ಒಬ್ಬನನ್ನು ವಿಚಾರಿಸಿದರೂ ಅವನ ಮಾತು ನ್ಯಾಯವಾಗಿಯೇ ತೋರುವುದು. ದೋಷವಿರುವುದು ವ್ಯಕ್ತಿಗಳಲ್ಲಲ್ಲ, ಅವರ ಸಂಬಂಧದಲ್ಲಿ.

ಗಣಕಯಂತ್ರದ ಕಾರ್ಯವ್ಯವಸ್ಥೆಗೆ ತಿರುಳಿನಂತಿರುವ ಭಾಗವನ್ನು ಕರ್ನಲ್ ಎನ್ನುವರು. ಅಲ್ಲಿ ಅನೇಕ ಕಾರ್ಯಗಳು ಏಕಕಾಲದಲ್ಲಿ ನಡೆಯುತ್ತಿರುವುದರಿಂದ, ಒಂದೇ ಪಟ್ಟಿಯನ್ನು ಇಬ್ಬರು ಒಮ್ಮೆಗೇ ತಿದ್ದಿ ಕೆಡಿಸದಂತೆ ಪ್ರತಿಯೊಂದಕ್ಕೂ ಬೀಗವಿರುತ್ತದೆ. ಬೀಗ ಹಿಡಿದವರು ಇನ್ನೊಂದು ಬೀಗಕ್ಕಾಗಿ ಕಾಯುತ್ತ ಸುತ್ತುಗಟ್ಟಿದಾಗ ಆಗುವ ಸ್ತಂಭನವೇ ಡೆಡ್‌ಲಾಕ್. ಬ್ಯಾಂಕಿನ ಲೆಕ್ಕವಾಗಲಿ ಆಸ್ಪತ್ರೆಯ ಯಂತ್ರವಾಗಲಿ ಇದೇ ತಿರುಳಿನ ಮೇಲೆ ನಿಂತಿರುವುದರಿಂದ ವಿಷಯವು ಕೇವಲ ಯಂತ್ರಜ್ಞರದೆಂದು ನಾವು ಉದಾಸೀನರಾಗಿರುವಂತಿಲ್ಲ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಬಲ್ಲ ಕನ್ನಡಿಗನಿಗೆ ಇದು ಹೊಸ ಸಂಗತಿಯಲ್ಲ. ನಮ್ಮ ತರ್ಕಶಾಸ್ತ್ರವಂತೂ ಇದರ ಪ್ರಭೇದಗಳಿಗೆ ಹೆಸರುಗಳನ್ನೇ ಇಟ್ಟಿದೆ. ತನ್ನನ್ನು ತಾನೇ ಆಶ್ರಯಿಸುವುದು ಆತ್ಮಾಶ್ರಯ. ಎರಡು ಒಂದನ್ನೊಂದು ಆಶ್ರಯಿಸುವುದು ಅನ್ಯೋನ್ಯಾಶ್ರಯ. ಮೂರು ಅಥವಾ ಹೆಚ್ಚು ಸೇರಿ ಸುತ್ತಿ ಬರುವುದು ಚಕ್ರಕ. ಕರ್ನಲ್ಲಿನಲ್ಲಿ ಈ ಮೂರೂ ಕಾಣಬರುವುವು. ಒಂದು ಕಾರ್ಯವು ಬೀಗ ಹಿಡಿದಿರುವಾಗ ಅದೇ ಸಂಸ್ಕಾರಕದಲ್ಲಿ ಹೊರಗಿನ ಸಾಧನವೊಂದರ ಕರೆ ಬಂದು, ಕರೆಗೆ ಓಗೊಡುವ ಭಾಗವು ಅದೇ ಬೀಗವನ್ನು ಬೇಡಿದರೆ ಅದು ಆತ್ಮಾಶ್ರಯ: ಮೊದಲಿನದು ಮುಂದುವರಿಯದೆ ಬೀಗ ತೆರೆಯದು, ಬೀಗ ತೆರೆಯದೆ ಮೊದಲಿನದಕ್ಕೆ ಸರದಿ ಬಾರದು. ಅಂತಹ ಬೀಗವನ್ನು ಹಿಡಿದಿರುವಷ್ಟು ಹೊತ್ತು ಆ ಸಂಸ್ಕಾರಕದಲ್ಲಿ ಹೊರಗಿನ ಕರೆಗಳನ್ನು ತಡೆದಿಡುವುದೇ ಇದಕ್ಕೆ ಪರಿಹಾರ.

ಡಚ್ ವಿದ್ವಾಂಸನಾದ ಡೈಕ್‌ಸ್ಟ್ರನು 1965ರ ತನ್ನ ಪ್ರಬಂಧದಲ್ಲಿ ಇದನ್ನು ಮಾರಕಾಲಿಂಗನವೆಂದು ಕರೆದನು. ಧೃತರಾಷ್ಟ್ರಾಲಿಂಗನವು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಅಲ್ಲಿ ಅಪ್ಪಿದವನು ಉಳಿಯುವನು, ಇಲ್ಲಿ ಇಬ್ಬರೂ ಅಳಿಯುವರು. 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಷಾನಿ ಎಂಬ ಮೂವರು, ಈ ಗಂಟು ಬೀಳಬೇಕಾದರೆ ನಾಲ್ಕು ನಿಮಿತ್ತಗಳು ಕೂಡಿಯೇ ಇರಬೇಕೆಂದು ನಿರೂಪಿಸಿದರು. ವಸ್ತುವು ಒಮ್ಮೆಗೆ ಒಬ್ಬನಿಗೇ ಸಲ್ಲಬೇಕು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು, ಹಿಡಿದದ್ದನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವಂತಿರಬಾರದು, ಕಾಯುವಿಕೆಯು ಸುತ್ತುಗಟ್ಟಬೇಕು. ಇವುಗಳಲ್ಲಿ ಒಂದನ್ನು ಕಡಿದರೆ ಸಾಕು.

ಇನ್ನು ರೋಗನಿದಾನ. ಲೈನಕ್ಸ್ ಎಂಬ ಕರ್ನಲ್ಲು, ಅಲುಗಾಡದೆ ಮಲಗಿರುವ ಕಾರ್ಯವು 120 ಸೆಕೆಂಡುಗಳಿಗೂ ಮೀರಿ ಹಾಗೆಯೇ ಇದ್ದರೆ ತನ್ನ ದಿನಚರಿಯಲ್ಲಿ ಒಂದು ಎಚ್ಚರಿಕೆ ಬರೆಯುವಂತೆ ಏರ್ಪಡಿಸಬಹುದು. ಇಷ್ಟರಿಂದಲೇ ಡೆಡ್‌ಲಾಕ್ ಎಂದು ನಿರ್ಣಯಿಸುವುದು ಅವಿವೇಕ. ತಟ್ಟೆಯ ಸಾಧನವು ಕೆಟ್ಟು ನಿಧಾನವಾಗಿದ್ದರೂ ಇದೇ ಲಕ್ಷಣ ತೋರುವುದು. ನಿಂತಿರುವ ಒಂದೊಂದು ಕಾರ್ಯವನ್ನೂ ‘ನೀನು ಹಿಡಿದಿರುವುದೇನು, ಕಾದಿರುವುದು ಯಾವುದಕ್ಕೆ’ ಎಂದು ಕೇಳುತ್ತ ಹೋಗಬೇಕು. ಸಿಂಧನೂರಿನಲ್ಲಿ ಕೇಳಿ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ಹೋಗಿ, ಮತ್ತೆ ಸಿಂಧನೂರಿನ ಬಾಗಿಲಿಗೇ ಬಂದು ನಿಂತರೆ ಚಕ್ರಕವು ಸಿದ್ಧವಾಯಿತು. ಬಾರದಿದ್ದರೆ ಕೊನೆಯಲ್ಲಿ ನಿಂತವನೇ ಕಾರಣ.

ಆದರೆ ಬಹುಮಂದಿ ಮಾಡುವುದು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವುದು. ಇದರಿಂದ ಸಾಕ್ಷ್ಯವೇ ಅಳಿಯುವುದು. ಮಸ್ಕಿಯ ಬಂಡೆಯ ಮೇಲಿನ ಅಶೋಕಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ಕೆಲವೆಡೆ ಅಕ್ಷರಗಳು ಸವೆದಿದ್ದರೂ, ಪ್ರಿಯದರ್ಶಿಯೇ ಅಶೋಕನೆಂಬುದನ್ನು ಸ್ಥಿರಪಡಿಸುವ ಹೆಸರು ಅಲ್ಲಿ ಉಳಿದಿದ್ದಿತು. ಕಲ್ಲು ಎರಡು ಸಾವಿರ ವರ್ಷ ಕಾದೀತು, ಯಂತ್ರದ ಸ್ಮೃತಿಯು ವಿದ್ಯುತ್ತು ಹೋದೊಡನೆ ಬರಿದಾಗುವುದು. ಆದಕಾರಣ ಮೊದಲು ಅಚ್ಚು ತೆಗೆಯಬೇಕು, ಅಂದರೆ ಸ್ಮೃತಿಯ ಪ್ರತಿಯನ್ನು ಉಳಿಸಿಕೊಳ್ಳಬೇಕು. ಆಮೇಲೆ ಯಂತ್ರವನ್ನು ಎಬ್ಬಿಸಬೇಕು.

ಚಿಕಿತ್ಸೆಗಳಲ್ಲಿ ಉತ್ತಮವಾದದ್ದು ಕ್ರಮನಿಯಮ. 1968ರಲ್ಲಿ ಹ್ಯಾವೆಂಡರ್ ಇದನ್ನು ವಿವರಿಸಿದನು. ವಸ್ತುಗಳಿಗೆ ಸಂಖ್ಯೆ ಕೊಟ್ಟು, ಎಲ್ಲರೂ ಏರುವ ಕ್ರಮದಲ್ಲಿಯೇ ಪಡೆಯಬೇಕೆಂದು ವಿಧಿಸುವುದು. ಲಾರಿ 1, ಚೀಲ 2, ತಕ್ಕಡಿ 3 ಎನ್ನೋಣ. ಸಿಂಧನೂರಿನವನು 1ನ್ನು ಹಿಡಿದು 2ಕ್ಕೆ, ಮಸ್ಕಿಯವನು 2ನ್ನು ಹಿಡಿದು 3ಕ್ಕೆ ಕಾದಿರುವರು, ಇದು ಸರಿ. 3ನ್ನು ಹಿಡಿದು 1ಕ್ಕೆ ಕಾದ ಲಿಂಗಸುಗೂರಿನವನದೇ ತಪ್ಪು. ಅವನು ಲಾರಿಯನ್ನು ಮೊದಲು ಪಡೆದು ಆಮೇಲೆ ತಕ್ಕಡಿಗೆ ಕೈ ಹಾಕಬೇಕಾಗಿತ್ತು. ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವುದಕ್ಕಿಂತ ದೊಡ್ಡ ಸಂಖ್ಯೆಗೇ ಕಾಯುವನಾದರೆ ಸರಣಿಯು ಏರುತ್ತಲೇ ಹೋಗಬೇಕಲ್ಲದೆ ಮೊದಲಿಗೆ ಹಿಂದಿರುಗಲಾರದು. ಲೈನಕ್ಸಿನಲ್ಲಿ ಕಡತವನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಎರಡಕ್ಕೂ ಬೀಗ ಬೇಕಷ್ಟೆ. ಒಂದು ಇನ್ನೊಂದರ ಒಳಗಿದ್ದರೆ ಹೊರಗಿನದಕ್ಕೆ ಮೊದಲು ಎಂಬುದು ಅಲ್ಲಿನ ಕಟ್ಟಳೆ. ಒಳಗು ಹೊರಗುಗಳ ಸಂಬಂಧವೇ ನಡುವೆ ಬದಲಾದರೆ? ಅದಕ್ಕಾಗಿ ಇವೆರಡಕ್ಕೂ ಮುಂಚೆ ಇಡೀ ಕಡತವ್ಯವಸ್ಥೆಗೊಂದು ಬೀಗವನ್ನು ಹಿಡಿಯುವರು.

ಎಲ್ಲಕ್ಕೂ ಒಂದೇ ದೊಡ್ಡ ಬೀಗವೆಂಬುದು ಸುಲಭೋಪಾಯ. ಆದರೆ ಎಲ್ಲರೂ ಒಂದೇ ಬಾಗಿಲಲ್ಲಿ ಕಾಯಬೇಕಾಗುವುದು. ಲೈನಕ್ಸಿನಲ್ಲಿ ಇದ್ದ ಅಂತಹ ಬೀಗವನ್ನು 2011ರಲ್ಲಿ ಪೂರ್ತಿಯಾಗಿ ಕಿತ್ತುಹಾಕಿದರು. 2006ರಲ್ಲಿ ಇಂಗೊ ಮೋಲ್ನಾರ್ ಕರ್ನಲ್ಲಿಗೆ ಸೇರಿಸಿದ ಲಾಕ್‌ಡೆಪ್ ಎಂಬ ಪರೀಕ್ಷಕವು ಬೀಗಗಳನ್ನು ಹಿಡಿದ ಕ್ರಮವನ್ನು ಬರೆದಿಟ್ಟು, ಒಂದೆಡೆ ಕ-ಖ, ಮತ್ತೊಂದೆಡೆ ಖ-ಕ ಎಂದು ಕಂಡೊಡನೆ, ಗಂಟು ಬೀಳುವ ಮುನ್ನವೇ ಕೂಗುವುದು. ಪರೀಕ್ಷೆಯಲ್ಲಿ ನಡೆಯದೆಯೇ ಉಳಿದ ದಾರಿಯ ಬಗೆಗೆ ಮಾತ್ರ ಅದು ಮೂಕ.

ಕ್ರಮವನ್ನು ವಿಧಿಸಲಾಗದ ಕಡೆ, ಎರಡನೆಯ ಬೀಗ ಸಿಕ್ಕದಿದ್ದರೆ ಮೊದಲನೆಯದನ್ನೂ ಬಿಟ್ಟು ಮತ್ತೆ ಯತ್ನಿಸುವುದುಂಟು. ಆಗ ಇಬ್ಬರೂ ಒಟ್ಟಿಗೆ ಬಿಟ್ಟು ಒಟ್ಟಿಗೆ ಹಿಡಿಯುತ್ತ, ಓಣಿಯಲ್ಲಿ ಎದುರಾದವರು ಒಂದೇ ಪಕ್ಕಕ್ಕೆ ಸರಿಸರಿದು ನಿಂತಂತೆ, ಚಲಿಸುತ್ತಲೇ ಮುಂದೆ ಸಾಗದಿರುವರು. ಇಂಗ್ಲಿಷರು ಇದನ್ನು ಲೈವ್‌ಲಾಕ್ ಎನ್ನುವರು. ಅನವಸ್ಥೆಯೆಂಬ ಶಬ್ದ ಇದಕ್ಕೆ ಸಲ್ಲದು, ಅದು ಕೊನೆಯಿಲ್ಲದ ಸರಣಿ. ಇದಕ್ಕೊಂದು ಅಚ್ಚುಕಟ್ಟಾದ ಕನ್ನಡ ಮಾತನ್ನು ವಾಚಕರು ಸೂಚಿಸಿದರೆ ಉಪಕಾರವಾಗುವುದು.