ಬಂದವರ ಲೆಕ್ಕವಿದೆ, ಉಳಿದವರದ್ದು?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿರುವ ಹಳ್ಳಿಗಳು 29,340. ಕನ್ನಡ ವಿಕಿಪೀಡಿಯದಲ್ಲಿರುವ ಲೇಖನಗಳು 30 ಸಾವಿರ ದಾಟಿವೆ. ಹಳ್ಳಿಗೊಂದು ಲೇಖನದಂತೆ ಹಂಚಿಬಿಟ್ಟರೆ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಕುವೆಂಪು, ಕಾವೇರಿ, ಕಬ್ಬಿನ ಬೆಳೆಗೆ ಜಾಗವೇ ಉಳಿಯುವುದಿಲ್ಲ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. 22 ವರ್ಷಕ್ಕೆ 30 ಸಾವಿರವೆಂದರೆ ವರ್ಷಕ್ಕೆ ಸುಮಾರು 1,360, ದಿನಕ್ಕೆ ನಾಲ್ಕಕ್ಕೂ ಕಡಿಮೆ.

ಅಕ್ಕಪಕ್ಕದ ಮನೆಗಳನ್ನು ನೋಡದೆ ಲೆಕ್ಕ ಮುಗಿಯುವುದಿಲ್ಲ. ಅದೇ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ, ಮಲಯಾಳಂ 3.48 ಕೋಟಿ, ತಮಿಳು 6.90 ಕೋಟಿ. ಮಲಯಾಳಂ ವಿಕಿಪೀಡಿಯ 80 ಸಾವಿರ ಲೇಖನ ದಾಟಿದೆ, ತಮಿಳಿನದು ಒಂದೂವರೆ ಲಕ್ಷ ದಾಟಿದೆ. ದುಂಡು ಲೆಕ್ಕದಲ್ಲಿ ಮಲಯಾಳಿಗರಲ್ಲಿ 435 ಮಂದಿಗೊಂದು ಲೇಖನ, ತಮಿಳರಲ್ಲಿ 460 ಮಂದಿಗೊಂದು. ನಮ್ಮಲ್ಲಿ 1,450 ಮಂದಿಗೊಂದು. ಒಂದೇ ಸಾಲಿನ ಚುಟುಕು ಲೇಖನವೂ ಇಲ್ಲಿ ಒಂದು ಅಂಕಿಯೇ, ಹಾಗಾಗಿ ಇದು ಗುಣದ ಅಳತೆಯಲ್ಲ, ಒಪ್ಪಿದೆ. ಆದರೂ ಮೂರು ಪಟ್ಟು ಅಂತರವನ್ನು ಗುಣದ ನೆಪ ಹೇಳಿ ಮುಚ್ಚಲಾಗದು. ಕಂಪ್ಯೂಟರ್ ಗೊತ್ತಿರುವವರು ಕಡಿಮೆ ಎನ್ನೋಣವೆಂದರೆ ಬೆಂಗಳೂರು ನಮ್ಮಲ್ಲೇ ಇದೆ.

ಕಡಿಮೆ ಇರುವುದು ಉಳಿಯುವವರು. ತಿಂಗಳಿಗೆ ಐದು ಸಲವಾದರೂ ತಿದ್ದಿದವರನ್ನು ವಿಕಿಪೀಡಿಯ 'ಸಕ್ರಿಯ ಸಂಪಾದಕ' ಎನ್ನುತ್ತದೆ. ಅಂಥವರು ಕನ್ನಡದಲ್ಲಿ ಸಾವಿರದ ಹತ್ತಿರಕ್ಕೂ ಹೋಗುವುದಿಲ್ಲ. ಮದುವೆ ಊಟದ ಒಂದೆರಡು ಪಂಕ್ತಿಯಲ್ಲಿ ಕೂರಿಸಿಬಿಡಬಹುದು. ಪುಟ ಅಳಿಸುವ, ಬೀಗ ಹಾಕುವ ಅಧಿಕಾರವಿರುವ ನಿರ್ವಾಹಕರನ್ನು ಕೈಬೆರಳಲ್ಲಿ ಎಣಿಸಬಹುದು. ಇದು ಕನ್ನಡಕ್ಕೆ ಮಾತ್ರ ಅಂಟಿದ ಶಾಪವಲ್ಲ. ಆನ್‌ಲೈನ್ ಬಳಗಗಳ ಬಗ್ಗೆ ಜೇಕಬ್ ನೀಲ್ಸನ್ 2006ರಲ್ಲಿ ಬರೆದ 90-9-1 ಎಂಬ ಸೂತ್ರವೇ ಇದೆ: ನೂರರಲ್ಲಿ 90 ಮಂದಿ ಓದಿ ಹೋಗುತ್ತಾರೆ, 9 ಮಂದಿ ಆಗೀಗ ಕೈಹಾಕುತ್ತಾರೆ, ಬಹುಪಾಲು ಕೆಲಸ ಆ ಒಬ್ಬರದು. ವಿಕಿಪೀಡಿಯದಲ್ಲಿ ಸಕ್ರಿಯವಾಗಿ ಕೈಹಾಕುವವರು ಇನ್ನೂ ಕಡಿಮೆ, ನೂರಕ್ಕೆ 0.2 ಎಂದೂ ಅವರೇ ಆಗ ಲೆಕ್ಕ ಕೊಟ್ಟಿದ್ದರು. ಬಳಗ ಚಿಕ್ಕದಾದಷ್ಟೂ ಆ ಒಬ್ಬರು ಎದ್ದುಹೋದರೆ ಬೀಳುವ ಹೊಡೆತ ದೊಡ್ಡದು.

ಇನ್ನು ದುಡ್ಡಿನ ಮಾತು. ಪುಟದ ತಲೆಯ ಮೇಲೆ ದೇಣಿಗೆ ಕೇಳುವ ಪಟ್ಟಿ ಕಂಡವರೆಲ್ಲ ಬರೆಯುವವರಿಗೂ ಏನೋ ಒಂದಿಷ್ಟು ಸಂದಾಯವಾಗುತ್ತದೆ ಎಂದುಕೊಂಡಿದ್ದಾರೆ. ಆಗುವುದಿಲ್ಲ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ 2022-23ರಲ್ಲಿ ಮಾಡಿದ ಖರ್ಚು ಸುಮಾರು 16.9 ಕೋಟಿ ಡಾಲರ್. ಡಾಲರಿಗೆ 80 ರೂಪಾಯಿ ಹಿಡಿದರೆ 1,352 ಕೋಟಿ ರೂಪಾಯಿ. ಅದರಲ್ಲಿ ಸರ್ವರ್ ಇಟ್ಟುಕೊಳ್ಳುವ ಹೋಸ್ಟಿಂಗ್ ವೆಚ್ಚ 31 ಲಕ್ಷ ಡಾಲರಿನ ಆಸುಪಾಸು, ಅಂದರೆ ನೂರಕ್ಕೆ ಎರಡಕ್ಕೂ ಕಡಿಮೆ. ಬಹುಪಾಲು ಹೋಗುವುದು ಸಿಬ್ಬಂದಿಯ ಸಂಬಳಕ್ಕೆ. ಲೇಖನ ಬರೆಯುವವರ ಸಂಬಳದ ಸಾಲು ಆ ಲೆಕ್ಕಪತ್ರದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಅವರು ಕೊಡುವುದೆಷ್ಟು? ಒಡೆಡ್ ನೊವ್ ಎಂಬ ಸಂಶೋಧಕ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂಗ್ಲಿಷ್ ವಿಕಿಪೀಡಿಯದ 151 ಸಂಪಾದಕರು ಉತ್ತರ ಕೊಟ್ಟಿದ್ದರು. ಸರಾಸರಿ ವಾರಕ್ಕೆ 8.27 ಗಂಟೆ. ವರ್ಷಕ್ಕೆ 430 ಗಂಟೆ. ದಿನಕ್ಕೆ ಎಂಟು ಗಂಟೆಯ ಆಫೀಸು ಎಂದುಕೊಂಡರೆ 54 ದಿನದ ಕೆಲಸ, ರಜೆ ಹಾಕಿ ಮಾಡಿದರೆ ಯಾವ ಮ್ಯಾನೇಜರೂ ಸುಮ್ಮನಿರಲಾರ. ಕನ್ನಡದ ಮಟ್ಟಿಗೆ ನಾನೇ ಒಂದು ಅಂದಾಜು ಹಾಕುತ್ತೇನೆ. ಆಧಾರ ಹುಡುಕಿ, ಟೈಪಿಸಿ, ಉಲ್ಲೇಖ ಸೇರಿಸಲು ಲೇಖನಕ್ಕೆ ನಾಲ್ಕು ಗಂಟೆ ಹಿಡಿಯಿರಿ. 30 ಸಾವಿರ ಲೇಖನಕ್ಕೆ 1.2 ಲಕ್ಷ ಗಂಟೆ; ವರ್ಷಕ್ಕೆ 300 ದಿನ ದುಡಿಯುವ ಒಬ್ಬ ನೌಕರನಿಗೆ 50 ವರ್ಷ. ಲೇಖನಕ್ಕೆ 400 ಪದ, ಪದಕ್ಕೆ ಒಂದು ರೂಪಾಯಿ ಎಂದರೂ 1.2 ಕೋಟಿ ರೂಪಾಯಿ. ನಡುವೆ ಆದ ತಿದ್ದುಪಡಿ, ಜಗಳ ಬಿಡಿಸಿದ್ದು, ಕಿಡಿಗೇಡಿಗಳು ಬರೆದದ್ದನ್ನು ಒರೆಸಿದ್ದು ಯಾವುದೂ ಇದರಲ್ಲಿ ಸೇರಿಲ್ಲ.

ಇಷ್ಟು ಕೊಟ್ಟು ಇವರು ಯಾಕಾದರೂ ಉಳಿಯುತ್ತಾರೆ? ನೊವ್ ಅವರ ಸಮೀಕ್ಷೆಯಲ್ಲಿ ಮೊದಲ ಸ್ಥಾನ ಖುಷಿಗೆ, ಎರಡನೆಯದು ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕೆಂಬ ನಂಬಿಕೆಗೆ. ಉದ್ಯೋಗಕ್ಕೆ ಅನುಕೂಲವಾಗುತ್ತದೆ ಎಂಬ ಕಾರಣ ತೀರಾ ಕೆಳಗಿತ್ತು. ಇನ್ನೂ ಒಂದು ಸ್ವಾರಸ್ಯ: ನಂಬಿಕೆಗೆ ಎಷ್ಟೇ ಅಂಕ ಕೊಟ್ಟವರಾದರೂ ಅದರಿಂದ ಅವರ ದುಡಿಮೆಯ ಗಂಟೆ ಹೆಚ್ಚಿರಲಿಲ್ಲ. 'ಕನ್ನಡಕ್ಕಾಗಿ ಕೈ ಎತ್ತು' ಎಂಬ ಕರೆಯಿಂದ ಕೈ ಏಳುತ್ತದೆ, ಆದರೆ ಕೀಲಿಮಣೆಯ ಮೇಲೆ ಅದನ್ನು ಇಳಿಸಿ ವಾರಗಟ್ಟಲೆ ಅಲ್ಲೇ ಇರಿಸುವುದು ಬೇರೆಯೇ ಏನೋ ಎಂದು ನನಗನ್ನಿಸುವುದು ಇದಕ್ಕೇ.

ಆ ಬೇರೆ ಏನೋ ಯಾವುದೆಂದು ನನಗೆ ಗೊತ್ತಾದದ್ದು ನನ್ನೂರಿನ ಕೆರೆಯ ಬಗ್ಗೆ ಆರು ಸಾಲು ಬರೆದಾಗ. ಮರುದಿನ ನೋಡಿದರೆ ಎರಡು ಕಾಗುಣಿತ ಸರಿಯಾಗಿತ್ತು. ಚರ್ಚೆಪುಟದಲ್ಲಿ ಮುಖ ಕಾಣದ ಯಾರೋ ಒಬ್ಬರು "ಚೆನ್ನಾಗಿದೆ, ಕೆರೆಯ ಫೋಟೊ ಇದ್ದರೆ ಹಾಕಿ" ಎಂದು ಬರೆದಿದ್ದರು. ಆ ಭಾನುವಾರ ಕ್ಯಾಮೆರಾ ಹಿಡಿದು ಕೆರೆ ಏರಿ ಹತ್ತಿದೆ. ಅವರು ಬರೆಯದೇ ಹೋಗಿದ್ದರೆ ಏಳನೆಯ ಸಾಲು ಹುಟ್ಟುತ್ತಿರಲಿಲ್ಲ.

ಇದು ನನ್ನೊಬ್ಬನ ದೌರ್ಬಲ್ಯವಲ್ಲ ಎಂಬುದಕ್ಕೆ ಅಂಕಿಗಳಿವೆ. ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡೆ ರೈಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹೆಚ್ಚು ದುಡಿಯುವ 200 ಸಂಪಾದಕರನ್ನು ಆರಿಸಿ, ಅರ್ಧ ಮಂದಿಗೆ ಮಾತ್ರ 'ಬಾರ್ನ್‌ಸ್ಟಾರ್' ಎಂಬ ನಕ್ಷತ್ರದ ಚಿತ್ರ ಕಳಿಸಿದರು. ಕಳಿಸಲು ತಗಲುವ ಖರ್ಚು ಸೊನ್ನೆ. ಮುಂದಿನ 90 ದಿನಗಳಲ್ಲಿ ನಕ್ಷತ್ರ ಸಿಕ್ಕವರು ಉಳಿದವರಿಗಿಂತ ಶೇ 60ರಷ್ಟು ಹೆಚ್ಚು ದುಡಿದರು. ಅವರು ಹಳಬರು, ಹೇಗಿದ್ದರೂ ಇರುತ್ತಿದ್ದರು ಎನ್ನಬಹುದು. ಯಾನಾ ಗಾಲುಸ್ ಹೊಸಬರನ್ನೇ ನೋಡಿದರು. ಜರ್ಮನ್ ಭಾಷೆಯ ವಿಕಿಪೀಡಿಯದ 4,007 ಹೊಸ ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಸಣ್ಣದೊಂದು ಗೌರವ ಕೊಟ್ಟರೆ, ಅವರಲ್ಲಿ ಮುಂದಿನ ತಿಂಗಳೂ ಉಳಿದವರ ಪ್ರಮಾಣ ಶೇ 20ರಷ್ಟು ಹೆಚ್ಚಿತು. ಗೌರವದಲ್ಲಿ ಶಾಲೂ ಇರಲಿಲ್ಲ, ಫಲತಾಂಬೂಲವೂ ಇರಲಿಲ್ಲ.

ಹೊರಟುಹೋಗುವವರ ಅಂಕಿಯೂ ಇದೆ. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರು 2007ರಲ್ಲಿ 50 ಸಾವಿರ ದಾಟಿದ್ದರು; 2013ರ ಹೊತ್ತಿಗೆ 30 ಸಾವಿರದ ಆಸುಪಾಸಿಗೆ ಇಳಿದರು. ಕಾರಣ ಹುಡುಕಿದವರಿಗೆ ಕಂಡದ್ದು: ಒಳ್ಳೆಯ ಮನಸ್ಸಿನಿಂದ ಬರೆದ ಹೊಸಬರ ಮೊದಲ ಬರಹವನ್ನೇ ಅರೆಯಾಂತ್ರಿಕ ಸಲಕರಣೆಗಳು ತಳ್ಳಿಹಾಕುತ್ತಿದ್ದವು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಚಪ್ಪಲಿ ಎಲ್ಲಿ ಬಿಟ್ಟಿರಿ ಎಂದು ಗದರಿದಂತೆ.

ನಮ್ಮಲ್ಲಿ ಇನ್ನೊಂದು ಬಗೆಯದು ನಡೆದಿದೆ. 2009ರಿಂದ 2011ರವರೆಗೆ ಗೂಗಲ್ ತನ್ನ ಅನುವಾದ ಸಲಕರಣೆ ಬಳಸಿ, ದುಡ್ಡು ಕೊಟ್ಟು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಲೇಖನ ಹಾಕಿಸಿತು. ಉದ್ದುದ್ದ ಲೇಖನಗಳು ಬಂದವು. ವಾಕ್ಯಗಳು ಕನ್ನಡ ಅಕ್ಷರದಲ್ಲಿದ್ದವು, ಅಷ್ಟೇ. ಯೋಜನೆ ನಿಂತ ದಿನ ಅನುವಾದಕರೂ ನಿಂತರು. ತಿದ್ದುವ ಹೊರೆ ಅದೇ ಒಂದೆರಡು ಪಂಕ್ತಿಯವರ ತಲೆಗೆ ಬಿತ್ತು. 2018ರಲ್ಲಿ 'ಪ್ರಾಜೆಕ್ಟ್ ಟೈಗರ್' ಹೆಸರಲ್ಲಿ 50 ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಹಂಚಿ, ಭಾಷೆ ಭಾಷೆಗಳ ನಡುವೆ ಸ್ಪರ್ಧೆ ಇಟ್ಟರು. ಮೂರು ತಿಂಗಳಲ್ಲಿ ಎಲ್ಲ ಭಾಷೆ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಲೇಖನ ಬಂದವು. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ, ಯಾಕೆಂದರೆ ಲ್ಯಾಪ್‌ಟಾಪ್ ಹೋದದ್ದು ಆಗಲೇ ದುಡಿಯುತ್ತಿದ್ದವರ ಕೈಗೆ. ಕಾಲೇಜುಗಳಲ್ಲಿ ಅಂಕಕ್ಕಾಗಿ ಬರೆಸುವುದೂ ನಡೆದಿದೆ. ಅಂಕಪಟ್ಟಿ ಕೈಗೆ ಬಂದ ಮೇಲೆ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ?

ಈಗ 'ಸಂಪಾದನೋತ್ಸವ'ದ ಖರ್ಚು ನೋಡೋಣ. ಒಂದು ದಿನ ಎಲ್ಲರನ್ನೂ ಸೇರಿಸಿ ಬರೆಸುವ ಕಾರ್ಯಕ್ರಮಕ್ಕೆ ಕನ್ನಡದ ವಿಕಿ ಬಳಗ ಇಟ್ಟುಕೊಂಡ ಚೆಂದದ ಹೆಸರಿದು. 30 ಮಂದಿ ಎಂದುಕೊಳ್ಳಿ. ಊಟ, ಕಾಫಿ ತಿಂಡಿ ತಲೆಗೆ 200 ರೂಪಾಯಿಯಂತೆ 6,000. ಬೇರೆ ಊರಿಂದ ಬರುವ ಇಬ್ಬರು ತರಬೇತುದಾರರ ಬಸ್ಸು, ರೂಮಿಗೆ 4,000. ಫ್ಲೆಕ್ಸು, ಪ್ರಮಾಣಪತ್ರಕ್ಕೆ 2,000. ಒಟ್ಟು 12,000, ತಲೆಗೆ 400 ರೂಪಾಯಿ. ವರದಿಯಲ್ಲಿ ಬರೆಯುವುದು ಈ ಅಂಕಿಯನ್ನೇ. ಮೂರು ತಿಂಗಳ ನಂತರ ಇಬ್ಬರು ಉಳಿದಿದ್ದರೆ ಉಳಿದವರ ತಲೆಗೆ ಬಿದ್ದದ್ದು 6,000. ನಾಲ್ವರು ಉಳಿದರೆ 3,000. ಯಾರೂ ಉಳಿಯದಿದ್ದರೆ ಭಾಗಿಸಲೂ ಬರುವುದಿಲ್ಲ.

ಇದರ ನಡುವೆ ಹೊಸ ಆಯೋಜಕರು ಮುಗ್ಗರಿಸುವ ಒಂದು ಅಂಕಿ: ಆರು. ಒಂದೇ ಇಂಟರ್ನೆಟ್ ವಿಳಾಸದಿಂದ ದಿನಕ್ಕೆ ಆರು ಹೊಸ ಖಾತೆ ಮಾತ್ರ ತೆರೆಯಬಹುದು. ಕಾಲೇಜಿನ ಲ್ಯಾಬಿನಲ್ಲಿ ಏಳನೆಯ ಹುಡುಗಿ ಹೆಸರು ಹಾಕಿ ಒತ್ತಿದರೆ ಬಾಗಿಲು ಮುಚ್ಚಿರುತ್ತದೆ. ಮೊದಲೇ ಅರ್ಜಿ ಹಾಕಿ ಮಿತಿ ಸಡಿಲಿಸಿಕೊಳ್ಳಬಹುದು, ಅಥವಾ ಹಿಂದಿನ ರಾತ್ರಿಯೇ ಮನೆಯಲ್ಲಿ ಖಾತೆ ತೆರೆದು ಬರಲು ಹೇಳಬಹುದು. ಎರಡಕ್ಕೂ ಖರ್ಚಿಲ್ಲ.

ಸುಧಾರಣೆ ಎಂದರೆ ನನ್ನ ಮಟ್ಟಿಗೆ ಇಂಥ ಖರ್ಚಿಲ್ಲದವೇ. ಬಂದ 30 ಮಂದಿಯಲ್ಲಿ ಒಬ್ಬೊಬ್ಬರ ಬರಹವನ್ನೂ ಮೊದಲ ತಿಂಗಳು ವಾರಕ್ಕೊಮ್ಮೆ ಹತ್ತು ನಿಮಿಷ ನೋಡಿ ಎರಡು ಮಾತು ಬರೆಯುವುದಾದರೆ, ತಲೆಗೆ 40 ನಿಮಿಷ, ಒಟ್ಟು 20 ಗಂಟೆ. ಐವರು ಹಳಬರು ಹಂಚಿಕೊಂಡರೆ ವಾರಕ್ಕೆ ಒಂದೊಂದು ಗಂಟೆ. ಫ್ಲೆಕ್ಸ್ ಕಟ್ಟುವುದಕ್ಕೇ ಅಷ್ಟು ಹೊತ್ತು ಹೋಗುತ್ತದೆ. ಹೊಸಬರ ಅರೆಬೆಂದ ಲೇಖನವನ್ನು ಅಳಿಸುವ ಬದಲು ಅವರ ಪ್ರಯೋಗಪುಟಕ್ಕೆ ಸರಿಸಿ, ಕೊರತೆ ಏನೆಂದು ಒಂದು ಸಾಲು ಬರೆಯುವುದಕ್ಕೆ ಐದು ನಿಮಿಷ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿಟ್ಟದ್ದನ್ನು ತಂದು ಅಂಟಿಸಿ, ತೆರೆಯ ತುಂಬ ಗಜಿಬಿಜಿ ಕಂಡು ಎದ್ದುಹೋದ ಮೇಷ್ಟ್ರುಗಳು ಎಷ್ಟೋ ಇದ್ದಾರೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಎಲ್ಲಿದೆ ಎಂದು ಮೊದಲ ಸ್ವಾಗತ ಸಂದೇಶದಲ್ಲೇ ಹೇಳಿದರೆ ಆ ಮೇಷ್ಟ್ರು ಉಳಿಯುತ್ತಾರೆ; ಅವರ ಕಪಾಟಿನಲ್ಲಿರುವ ಊರಿನ ಇತಿಹಾಸವೂ ಬರುತ್ತದೆ.

ಎಲ್ಲರಿಗೂ ಲೇಖನ ಬರೆಯುವ ಕೆಲಸವನ್ನೇ ಕೊಡುವುದೂ ತಪ್ಪು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆ ಕೇಳಿದ್ದು ಸ್ಮಾರಕಗಳ ಫೋಟೊ ಮಾತ್ರ. ಮರುವರ್ಷ ಬಂದ ಚಿತ್ರಗಳು 1,68,208, ಗಿನ್ನೆಸ್ ದಾಖಲೆಯಾಯಿತು. ಬರೆಯಲು ಹೆದರುವವರೂ ತಮ್ಮೂರ ದೇವಸ್ಥಾನದ ಫೋಟೊ ತೆಗೆಯುತ್ತಾರೆ. ನಮ್ಮಲ್ಲಿ 29,340 ಹಳ್ಳಿಗಳಿವೆ.

ದೊಡ್ಡ ಗುಂಪು ಬೇಕೆಂಬ ಹಟವನ್ನು ಬಿಡಲು ತುಳುವಿನ ಲೆಕ್ಕ ನೆರವಾದೀತು. 2011ರಲ್ಲಿ ತುಳು ಮಾತಾಡುವವರು 18.46 ಲಕ್ಷ. ತುಳು ವಿಕಿಪೀಡಿಯ ವರ್ಷಗಟ್ಟಲೆ 'ಇನ್‌ಕ್ಯುಬೇಟರ್' ಎಂಬ ಪಡಸಾಲೆಯಲ್ಲಿ ಕಾದು 2016ರ ಆಗಸ್ಟ್‌ನಲ್ಲಿ ಸ್ವಂತ ಮನೆಗೆ ಬಂತು. ಹೊಸ ಭಾಷೆಯೊಂದಕ್ಕೆ ಮನೆ ಕೊಡುವ ಮುನ್ನ ವಿಕಿಮೀಡಿಯದವರು ಮುಖ್ಯವಾಗಿ ನೋಡುವುದು ಕನಿಷ್ಠ ಮೂವರಾದರೂ ತಿಂಗಳು ತಿಂಗಳೂ ಬಿಡದೆ ದುಡಿಯುತ್ತಿದ್ದಾರೆಯೇ ಎಂದು. ಒಂದು ದಿನಕ್ಕೆ ಮುನ್ನೂರು ಮಂದಿ ಬಂದು ಹೋದರೂ ಆ ಮೂವರ ಲೆಕ್ಕ ತುಂಬುವುದಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಬಳಗದ ಮಾತುಕತೆ ನಡೆಯುವ ಜಾಗಕ್ಕೆ 'ಅರಳಿ ಕಟ್ಟೆ' ಎಂದು ಹೆಸರು. ಮುಂದಿನ ಸಂಪಾದನೋತ್ಸವ ನಡೆಸುವವರಲ್ಲಿ ಒಂದು ಕೋರಿಕೆ: ಊಟದ ಬಿಲ್ಲು, ಗ್ರೂಪ್ ಫೋಟೊಗಳ ಜೊತೆಗೆ ವರದಿಯಲ್ಲಿ ಇನ್ನೊಂದು ಕಾಲಂ ಹಾಕಿ, 'ಮೂರು ತಿಂಗಳ ನಂತರ ಬರೆಯುತ್ತಿರುವವರು' ಎಂದು. ಮೊದಲ ಸಲ ಅದರಲ್ಲಿ ಸೊನ್ನೆ ಬಂದರೂ ಪರವಾಗಿಲ್ಲ, ಅದನ್ನೇ ಕಟ್ಟೆಯ ಮೇಲೆ ಅಂಟಿಸಿ.