ನಿರ್ಬಂಧ ಕ್ರಿಪ್ಟೋಗೆ ಎಲ್ಲಿ ತಾಗುತ್ತದೆ?

‘ಕ್ರಿಪ್ಟೋಗೆ ದೇಶವಿಲ್ಲ, ಸರ್ಕಾರವಿಲ್ಲ, ಯಾರ ನಿರ್ಬಂಧವೂ ಅದಕ್ಕೆ ತಾಗದು.’ ಘಾಟ್‌ಕೋಪರ್, ಡೊಂಬಿವಲಿಯ ನಮ್ಮ ಹುಡುಗರ ಬಾಯಲ್ಲಿ ಈ ಮಾತು ಈಗಲೂ ಕೇಳುತ್ತದೆ. ಮುಂಬೈಯಲ್ಲೇ ಹುಟ್ಟಿದ, ಕ್ರಿಪ್ಟೋ ಕೊಳ್ಳುವ-ಮಾರುವ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ಗೆ ಆದದ್ದನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 2024ರ ಜುಲೈ 18ರಂದು ಅದರ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳವಾಯಿತು. ರೂಪಾಯಿಯಲ್ಲಿ ಅದು 2,000 ಕೋಟಿಗೆ ಹತ್ತಿರ. ಇದು ಉತ್ತರ ಕೊರಿಯಾದ ಕೃತ್ಯವೆಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿದವು. ಅಣ್ವಸ್ತ್ರದ ಕಾರಣಕ್ಕೆ 2006ರಿಂದ ವಿಶ್ವಸಂಸ್ಥೆಯ ನಿರ್ಬಂಧದಲ್ಲಿರುವ ದೇಶ ಅದು. ಬ್ಯಾಂಕುಗಳ ದಾರಿ ಮುಚ್ಚಿದ ಮೇಲೆ ಕ್ರಿಪ್ಟೋ ಕಳವಿನತ್ತ ಹೊರಳಿತು. ಅದರ ಪೆಟ್ಟು ಬಿದ್ದದ್ದು ನಮ್ಮವರ ಉಳಿತಾಯಕ್ಕೆ.

ಇದಕ್ಕೆ ತಿರುಗಾದ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ನಿರ್ಬಂಧ ಹೇರಿದೊಡನೆ ನಾಣ್ಯದ ಓಡಾಟವೇ ನಿಲ್ಲುತ್ತದೆ ಎಂಬುದು. ವಜೀರ್‌ಎಕ್ಸ್‌ನಿಂದ ಕದ್ದ ನಾಣ್ಯಗಳು ‘ಟೊರ್ನಾಡೊ ಕ್ಯಾಶ್’ ಎಂಬ ಮಿಕ್ಸರ್ ಮೂಲಕ ಹಾದುಹೋದವು. ಯಾರ ನಾಣ್ಯ ಯಾವುದೆಂದು ಗುರುತು ಸಿಗದಂತೆ ಕಲಸಿಬಿಡುವ ವ್ಯವಸ್ಥೆ ಅದು. ಅಮೆರಿಕ ಅದನ್ನು 2022ರ ಆಗಸ್ಟ್‌ನಲ್ಲೇ ನಿರ್ಬಂಧಕ್ಕೆ ಒಳಪಡಿಸಿತ್ತು. ಆದರೆ ಬ್ಲಾಕ್‌ಚೈನ್ ಮೇಲೆ ಒಮ್ಮೆ ಕೂರಿಸಿದ ಪ್ರೋಗ್ರಾಂ ಯಾರ ಅಪ್ಪಣೆಗೂ ಕಾಯದೆ ನಡೆಯುತ್ತಲೇ ಇರುತ್ತದೆ. ಯಾರೂ ಬದಲಿಸಲಾಗದ ಅಂಥ ಪ್ರೋಗ್ರಾಂ ಯಾರ ಆಸ್ತಿಯೂ ಅಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2024ರ ನವೆಂಬರ್‌ನಲ್ಲಿ ಹೇಳಿತು. ಮುಂದಿನ ಮಾರ್ಚ್‌ನಲ್ಲಿ ಆ ನಿರ್ಬಂಧ ತೆರವಾಯಿತು. ಹಾಗಾದರೆ ನಿರ್ಬಂಧ ಹಿಡಿಯುವುದೆಲ್ಲಿ? ನಾಣ್ಯ ರೂಪಾಯಿಯೋ ಡಾಲರೋ ಆಗಬೇಕಾದ ಕಡೆ. ಎಕ್ಸ್‌ಚೇಂಜ್‌ಗಳು ಅಲ್ಲಿವೆ. ಟೆದರ್‌ನಂಥ ಕಂಪನಿಯಂತೂ ತನ್ನ ನಾಣ್ಯವನ್ನು ಯಾರ ವಾಲೆಟ್‌ನಲ್ಲಿದ್ದರೂ ಅಲ್ಲೇ ತಡೆಹಿಡಿಯಬಲ್ಲದು.

‘ಅಮೆರಿಕದ ನಿರ್ಬಂಧ ಪಟ್ಟಿ ನಮಗೇಕೆ?’ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ವಿಶ್ವಸಂಸ್ಥೆ ಹೇರಿದ್ದನ್ನು ಬಿಟ್ಟು ಒಂದೊಂದು ದೇಶ ತಾನಾಗಿ ಹೇರುವ ನಿರ್ಬಂಧಗಳನ್ನು ಭಾರತ ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಭಯೋತ್ಪಾದಕರ ಹಣ ತಡೆಹಿಡಿಯಲು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 51ಎ ಸೆಕ್ಷನ್ ಇದೆ. ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಗೂ 2022ರಲ್ಲಿ ಅಂಥದೇ ಅಧಿಕಾರ ಸೇರಿತು. 2023ರ ಮಾರ್ಚ್ 7ರಿಂದ ಎಕ್ಸ್‌ಚೇಂಜ್‌ಗಳೂ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಗ್ರಾಹಕರ ಗುರುತು ಪರಿಶೀಲಿಸಬೇಕು, ಅನುಮಾನದ ವ್ಯವಹಾರವನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ನೋಂದಣಿಯಿಲ್ಲದೆ ಇಲ್ಲಿ ವ್ಯವಹರಿಸಿದ ಬೈನಾನ್ಸ್ ಎಕ್ಸ್‌ಚೇಂಜ್‌ಗೆ 2024ರಲ್ಲಿ 18.82 ಕೋಟಿ ರೂಪಾಯಿ ದಂಡ ಬಿತ್ತು. ಅದೇ ಕಂಪನಿ ನಿರ್ಬಂಧ ಉಲ್ಲಂಘನೆಯೂ ಸೇರಿದ ಆರೋಪಗಳಿಗೆ ಅಮೆರಿಕಕ್ಕೆ 430 ಕೋಟಿ ಡಾಲರ್ ತೆರಲು ಒಪ್ಪಿದ್ದು 2023ರಲ್ಲಿ. ಹೀಗೆ ಅಮೆರಿಕದ ಪಟ್ಟಿ ನಮ್ಮ ಕಾನೂನಲ್ಲದಿದ್ದರೂ, ನೀವು ಬಳಸುವ ಆ್ಯಪ್ ಅದಕ್ಕೆ ತಲೆಬಾಗಿರಬಹುದು.

ರಿಸರ್ವ್ ಬ್ಯಾಂಕ್ ಕ್ರಿಪ್ಟೋವನ್ನು ನಿಷೇಧಿಸಿದೆ ಎಂಬುದು ಹಳೆಯ ಮಾತು. ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡದಂತೆ ತಡೆದಿದ್ದ 2018ರ ಅದರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಮಾಡಿತು.

ಎಲ್ಲಕ್ಕಿಂತ ಅಪಾಯದ ನಂಬಿಕೆ ಬೇರೆಯೇ ಇದೆ: ‘ಸರ್ಕಾರ ಶೇ. 30 ತೆರಿಗೆ ಹಾಕಿದೆ, ಕಂಪನಿ ನೋಂದಾಯಿತವಾಗಿದೆ. ಅಂದಮೇಲೆ ದುಡ್ಡು ಭದ್ರ.’ ಇಲ್ಲ. ತೆರಿಗೆ ಬೊಕ್ಕಸಕ್ಕಾಗಿ, ನೋಂದಣಿ ಅಕ್ರಮ ಹಣದ ಮೇಲೆ ಕಣ್ಣಿಡುವುದಕ್ಕಾಗಿ. ಠೇವಣಿದಾರನನ್ನು ಕಾಯುವ ಕೆಲಸ ಎರಡರದ್ದೂ ಅಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಕ್ರಿಪ್ಟೋಗೆ ಒಂದು ಪೈಸೆಯಷ್ಟೂ ಇಲ್ಲ. ವಜೀರ್‌ಎಕ್ಸ್ ಗ್ರಾಹಕರ ನಷ್ಟ ಹಂಚಿಕೆಯ ಯೋಜನೆ ತೀರ್ಮಾನವಾದದ್ದು ಸಿಂಗಾಪುರದ ಹೈಕೋರ್ಟಿನಲ್ಲಿ; ವಹಿವಾಟು ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಹದಿನೈದು ತಿಂಗಳು ಕಾದವರಿಗೆ ಇಲ್ಲಿನ ಯಾವ ಕಾನೂನೂ ನೆರವಾಗಲಿಲ್ಲವೆಂಬುದು ನನಗೆ ಸಹಿಸಲಾಗದ ಸಂಗತಿ. ತೆರಿಗೆ ವಸೂಲಿಗೆ ತೋರಿದ ಆತುರವನ್ನು ಗ್ರಾಹಕರ ರಕ್ಷಣೆಯ ಕಾಯ್ದೆಗೂ ಸಂಸತ್ತು ತೋರಿಸಲಿ.